ಆಚೆ ದಡದಿಂದ ಒಂದು ‘ಓ’

“ನಂಜುಂಡೇಶೋ...”

ಕೂಗು ಹೊಳೆಯ ಮೇಲೆ ಹಾದು ಆಚೆ ದಡದ ಬಿದಿರುಮೆಳೆಗೆ ತಾಗಿ ನಿಲ್ಲುತ್ತದೆ. ಉತ್ತರವಿಲ್ಲ. ಸಿದ್ದಲಿಂಗಮ್ಮ ಸೆರಗನ್ನು ಸೊಂಟಕ್ಕೆ ಇನ್ನಷ್ಟು ಬಿಗಿದು, ಎರಡೂ ಕೈಯನ್ನು ಬಾಯಿಯ ಅಕ್ಕಪಕ್ಕ ಹಿಡಿದು ಮತ್ತೊಮ್ಮೆ ಕರೆಯುತ್ತಾರೆ. ಆಗಲೂ ಇಲ್ಲ. ನಾನು ಗಾಬರಿಯಿಂದ ಹೊಳೆಯ ಮೇಲುಗಡೆಗೆ ನೋಡುತ್ತೇನೆ. ಅವರಿಗೆ ಮಾತ್ರ ಯಾವ ಗಾಬರಿಯೂ ಇಲ್ಲ. ಮೂರನೆಯ ಸಲ ಕೊನೆಯ ಅಕ್ಷರವನ್ನು ಉಸಿರು ಇರುವಷ್ಟೂ ಎಳೆಯುತ್ತಾರೆ. ಕತ್ತಲು ಇನ್ನೂ ಪೂರ್ತಿ ಹರಿಯದ ಆಚೆ ದಡದಿಂದ ನಿದ್ದೆಗಣ್ಣಿನ ಒಂದು “ಓ...” ಬರುತ್ತದೆ.

“ಇವತ್ತು ನೀರು ಬುಡ್ತಾರೆ ಕಣ್ಲಾ! ಎಂಟ್ ಗಂಟೆಗೆ! ಮೋಟ್ರು ಎತ್ಕಂಡು ಮ್ಯಾಲಕ್ ಓಗು!”

“ಆಯ್ತು ಕಣಕ್ಕೋ!”

ಸಿದ್ದಲಿಂಗಮ್ಮ ಮಡಿಲಿನಿಂದ ಒಂದು ಚೂರು ಶುಂಠಿ ತೆಗೆದು ದವಡೆಗೆ ಒತ್ತಿಕೊಂಡು ದಡದ ಮೇಲೆ ಮುಂದಕ್ಕೆ ಹೊರಡುತ್ತಾರೆ. ಹಿಂದೆ ನಾನು, ಅವರ ಬಗ್ಗೆ ಬರೆಯಲೆಂದು ಬಂದ ಹುಣಸೂರಿನವನು, ಚಪ್ಪಲಿ ಕೈಲಿ ಹಿಡಿದು, ಕೆಸರಲ್ಲಿ ಜಾರುತ್ತ.

“ಮೊದಲೆರಡು ಸಲ ಆತ ಯಾಕೆ ಓಗೊಡಲಿಲ್ಲ?” ಎಂದು ಕೇಳುತ್ತೇನೆ.

“ಎಂಗ್ ಓಗೊಟ್ಟಾನು? ಇನ್ನೂ ನಸುಕು. ಗಾಳಿ ಗೀಳಿ ಕರುದ್ರೆ ಒಂದ್ ಸಲ ಕರೀತದೆ, ಎಚ್ಚು ಅಂದ್ರೆ ಎಲ್ಡ್ ಸಲ. ಮೂರ್ನೇದು ಮನುಸ್ರುದ್ದೇಯ. ನಿಮ್ ಉಣಸೂರಲ್ಲಿ ಇದ್ ಗೊತ್ತಿಲ್ವಾ?”

ಗೊತ್ತಿತ್ತು. ನಮ್ಮಜ್ಜಿಯೂ ಹೇಳುತ್ತಿದ್ದರು. ಬೀದಿದೀಪ ಬಂದ ಮೇಲೆ ನಮ್ಮ ಕಡೆ ಅದು ಹೇಗೋ ಮರೆತುಹೋಯಿತು. ಈ ಹೊಳೆಯ ಎರಡೂ ದಡದಲ್ಲಿ ಮಾತ್ರ ಇನ್ನೂ ಅದೇ ಕಾನೂನು. ಬೆಳಕು ಹರಿಯುವ ಮೊದಲು ಮೂರನೇ ಕೂಗಿಗೆ ಮುಂಚೆ ಬಾಯಿ ಬಿಟ್ಟರೆ ಕೇಡು ತಪ್ಪಿದ್ದಲ್ಲ ಎಂದು ನಂಬಿದ ಜನ ಇವರು. ಹಾಗಾಗಿ ಸಿದ್ದಲಿಂಗಮ್ಮ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ‘ಓ’ ಕಿವಿಗೆ ಬೀಳುವವರೆಗೆ ನಿಂತ ಜಾಗ ಬಿಟ್ಟು ಕದಲುವುದಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಮಾಳದಕೊಪ್ಪಲು ಅವರ ಊರು. ಊರಿನಿಂದ ಹೊಳೆಗುಂಟ ಮೇಲಕ್ಕೆ ಹೋದರೆ ಅಣೆಕಟ್ಟೆ. ಸರ್ಕಾರದ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ಇಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಡ್ಯಾಮು, ಅಷ್ಟೆ. ಡ್ಯಾಮು ತುಂಬಿ ಗೇಟು ಎತ್ತುವ ಮೊದಲು ಕೆಳಗಿನ ಹೊಳೆಯಲ್ಲಿ ಬಟ್ಟೆ ಒಗೆಯುವವರು, ದನ ಮೇಯಿಸುವವರು, ಪಂಪ್‌ಸೆಟ್ ಇಟ್ಟವರು, ಒಬ್ಬರೂ ಉಳಿಯದಂತೆ ಮೇಲಕ್ಕೆ ಹತ್ತಿಸುವುದು ಸಿದ್ದಲಿಂಗಮ್ಮನವರ ಕೆಲಸ. ಕಡತದಲ್ಲಿ ‘ಕಾವಲು ಸಿಬ್ಬಂದಿ, ಹೊರಗುತ್ತಿಗೆ’. ಊರವರ ಬಾಯಲ್ಲಿ ‘ಕೂಗೋ ಸಿದ್ದಲಿಂಗಮ್ಮ’. ವಯಸ್ಸು ಅರವತ್ತರ ಹತ್ತಿರ. ಮಳೆಗಾಲ ಪೂರ್ತಿ ಅವರಿಗೆ ನಿದ್ದೆ ಅನ್ನುವುದು ಕೋಳಿನಿದ್ದೆ.

ಈಗ ನೋಡಿದರೆ ಹೆದರಿಕೆಗೆ ಕಾರಣವೇ ಕಾಣದು. ಹೊಳೆಯಲ್ಲಿ ನೀರು ಅಬ್ಬಬ್ಬಾ ಅಂದರೆ ಪಾದ ಮುಳುಗುವಷ್ಟು. ಬಂಡೆಗಳು ಬೆನ್ನು ತೋರಿಸಿ ಮಲಗಿವೆ. ವಾರದಿಂದ ಮಳೆ ಸುರಿಯುತ್ತಿದ್ದರೂ ಬಂದದ್ದನ್ನೆಲ್ಲ ಡ್ಯಾಮು ಹಿಡಿದಿಟ್ಟುಕೊಂಡಿದೆ. ಒಣಗಿದ ಹೊಳೆ ನೋಡಿ ನೋಡಿ ಜನಕ್ಕೂ ಸಲಿಗೆ ಬಂದುಬಿಟ್ಟಿದೆ. ನನಗೆ ದಿಗಿಲು ಹುಟ್ಟಿಸಿದ್ದು ಆ ಸಲಿಗೆಯೇ.

“ಮೊದ್ಲು ಒಳೆ ತಾನೇ ಯೋಳಿ ಬತ್ತಿತ್ತಂತೆ ಕಣಪ್ಪ. ನಮ್ಮತ್ತೆ ಯೋಳೋರು. ನೀರು ಕೆಂಪಾಗೋದು, ನೊರೆ ಬರೋದು, ತರಗು ಬರೋದು, ಆಮೇಲೆ ಮೊಣಕಾಲುದ್ದ, ಆಮೇಲೆ ಸೊಂಟದುದ್ದ. ಜನ ದನ ಎಲ್ಲ ಮ್ಯಾಲಕ್ ಅತ್ಕಳಕೆ ಟೇಮ್ ಕೊಡೋದು. ಈಗ ಅದ್ರ ಬಾಯ್ ಕಟ್ಟಾಕವ್ರೆ. ಗೇಟ್ ಎತ್ತೋಗಂಟ ಒಂದ್ ಮಾತಿಲ್ಲ, ಎತ್ತುದ್ರೆ ಒಂದೇ ಸಲ. ಒಳೆ ಯೋಳ್ಬೇಕಾದ್ದ ನಾನ್ ಯೋಳ್ಕಂಡ್ ತಿರುಗ್ತಾ ಇವ್ನಿ, ಅಷ್ಟೇಯ.”

ಹಾಗೆಂದು ಅವರು ಡ್ಯಾಮಿಗೆ ಶಾಪ ಹಾಕುತ್ತಾರೆ ಅಂದುಕೊಂಡರೆ ತಪ್ಪು. ಅವರು ಹುಟ್ಟಿದ ಊರು ಡ್ಯಾಮಿನ ಹಿನ್ನೀರಿನ ಅಡಿಯಲ್ಲಿದೆ. ಅವ್ವನ ಸೊಂಟದ ಮೇಲೆ ಕೂತು ಆ ಊರು ಬಿಟ್ಟಾಗ ಇನ್ನೂ ಮಾತು ಬಂದಿರಲಿಲ್ಲವಂತೆ. ಅಪ್ಪನಿಗೆ ಕಾಡಂಚಿನಲ್ಲಿ ಬದಲಿ ಜಮೀನು ಸಿಕ್ಕಿತು. “ಬಿತ್ತೋನು ನಮ್ಮಪ್ಪ, ತಿನ್ನೋದು ಆನೆ” ಎಂದು ಈಗ ನಗುತ್ತಾರೆ. ಅಲ್ಲಿಂದ ಅವರನ್ನು ಕೊಟ್ಟದ್ದು ಮಾಳದಕೊಪ್ಪಲಿಗೆ. ಇಲ್ಲಿ ಅಷ್ಟೊತ್ತಿಗೆ ಅದೇ ಡ್ಯಾಮಿನ ನಾಲೆ ಬಂದಿತ್ತು. ರಾಗಿ ಬೆಳೆಯುತ್ತಿದ್ದ ಹೊಲ ಗದ್ದೆಯಾಗಿತ್ತು. ತವರಲ್ಲಿ ಹಬ್ಬಕ್ಕೆ ಮಾತ್ರ ಅನ್ನ ಕಂಡ ಹುಡುಗಿ ಗಂಡನ ಮನೆಯಲ್ಲಿ ದಿನಾ ಉಂಡಳು.

“ನನ್ ತವರ ನುಂಗಿದ್ ನೀರೇ ನನ್ ಮಕ್ಕಳ್ಗೆ ಅನ್ನ ಆಕ್ತು. ಬಯ್ಯೋವ ಅಂತೀನಿ, ಬಾಯಲ್ಲಿ ತುತ್ತದೆ. ಏನ್ ಮಾಡೀರಿ?”

ಏನು ಮಾಡುವುದೋ ನನಗೂ ಗೊತ್ತಿಲ್ಲ. ಹುಣಸೂರಿನ ಒಣ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆದುಕೊಂಡು ಮುಗಿಲು ನೋಡುತ್ತ ಕೂತಿರುವ ನಮ್ಮ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದರೆ, “ನೀರು ಜಾಸ್ತಿ ಆಯ್ತು ಅಂತ ಅಳೋರೂ ಅವ್ರಾ? ಒಂದ್ ಗೇಟು ನಮ್ ಕಡೀಕ್ ತಿರುಗ್ಸಕೆ ಯೋಳು ಓಗ್ಲಾ” ಎಂದು ಗದರುತ್ತಾರೆ. ಅವರ ಮಾತಲ್ಲೂ ತಪ್ಪಿಲ್ಲವಲ್ಲ! ಕೆಳಗೆ ಪೇಟೆಗಳ ನಲ್ಲಿಯಲ್ಲಿ ಬರುವುದೂ ಈ ನೀರೇ. ವೇದಿಕೆ ಹತ್ತಿ ಡ್ಯಾಮಿಗೆ ಜೈ ಅನ್ನುವವರೂ, ಡ್ಯಾಮೇ ಬೇಡ ಅನ್ನುವವರೂ ಮಳೆಗಾಲದ ಒಂದು ಬೆಳಿಗ್ಗೆ ಈಕೆಯ ಹಿಂದೆ ನಡೆಯಬೇಕು ಅನಿಸುತ್ತದೆ ನನಗೆ. ಮಾತಾಡುವುದು ಆಮೇಲೆ.

ಈ ಕೆಲಸ ಮೊದಲು ಅವರ ಗಂಡನದಾಗಿತ್ತು. ಗಂಡನ ಹೆಸರೇನು ಎಂದು ಕೇಳಿದರೆ, ಹೊಳೆ ಸೀಳುವಂತೆ ಊರೆಲ್ಲರ ಹೆಸರು ಕೂಗುವ ಈ ಹೆಂಗಸು ನಾಚಿ ಸೆರಗು ಕಚ್ಚುತ್ತಾರೆ. “ಅದೊಂದ್ ಎಸ್ರ ಮಾತ್ರ ಕೇಳ್ಬ್ಯಾಡಿ.” ಕಂಠಪ್ಪ ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಆತ ಸೀಟಿ ಊದಿಕೊಂಡು ದಡದ ಮೇಲೆ ತಿರುಗುತ್ತಿದ್ದವರು, ಜ್ವರ ಬಂದು ತೀರಿಕೊಂಡರು. ಸಿದ್ದಲಿಂಗಮ್ಮನಿಗೆ ಸೀಟಿ ಊದಲು ಬರಲಿಲ್ಲ, ಕೂಗಲು ಬರುತ್ತಿತ್ತು. ಆದರೆ ಊರ ಸೊಸೆಯಾದವಳು ಮಾವಂದಿರ ವಯಸ್ಸಿನ ಗಂಡಸರ ಹೆಸರನ್ನು ಬಯಲಲ್ಲಿ ನಿಂತು ಕೂಗುವುದೇ? ಅರಳಿಕಟ್ಟೆಯಲ್ಲಿ ಅದಕ್ಕೊಂದು ದೊಡ್ಡ ರಂಪವೇ ಆಯಿತಂತೆ.

“ಎಲ್ರಿಗಿಂತ ಜೋರಾಗಿ ಎಗರಾಡಿದ್ದು ಅಣ್ಣಯ್ಯ ಮಾವ. ‘ನನ್ ಎಸ್ರ ಕೂಗುದ್ರೆ ನಾ ಓ ಅನ್ನಕಿಲ್ಲ, ನೀರಲ್ ಓದ್ರೂ ಸೈ’ ಅಂದ್ರು. ಕೊನೀಗೆ ಎಸ್ರಿನ್ ಮುಂದ್ಕೆ ‘ಮಾವ’ ಸೇರುಸ್ಕಂಡ್ ಕೂಗು ಅಂತ ಆಯ್ತು.”

ಈ ಅಣ್ಣಯ್ಯ ಮಾವ ಎಪ್ಪತ್ತು ದಾಟಿದ ರೈತ. ಸ್ವಲ್ಪ ಕೆಳಗೆ ಹೊಳೆ ಎರಡಾಗಿ ಒಡೆದು ಮತ್ತೆ ಕೂಡುತ್ತದೆ. ನಡುವೆ ಉಳಿದ ಗಡ್ಡೆಯ ಮೇಲೆ ಅವರದೊಂದು ಮೋಟರು, ಅದರ ಕಾವಲಿಗೆ ಒಂದು ಸೋಗೆಯ ಗುಡಿಸಲು. ತಾಮ್ರದ ವೈರಿಗಾಗಿ ಮೋಟರು ಕದಿಯುವವರು ಈ ಕಡೆ ಹೆಚ್ಚಾಗಿದ್ದಾರೆ. ಅದಕ್ಕೇ ರಾತ್ರಿ ಅಲ್ಲೇ ಮಲಗುತ್ತಾರೆ. ನಿನ್ನೆ ಸಂಜೆಯೇ ಸಿದ್ದಲಿಂಗಮ್ಮ ಎಚ್ಚರಿಸಿದ್ದಾರೆ. “ಎಂಟಕ್ ತಾನೇ? ಬೆಳುಕ್ ಅರೀಲಿ, ಏಳಕ್ಕೆ ಬಿಚ್ತೀನಿ ಬುಡು” ಎಂದರಂತೆ.

ಎಲ್ಲರೂ ಹಾಗೆಯೇ. ಡ್ಯಾಮಿನಲ್ಲಿ ಸೈರನ್ ಇದೆ. ಆದರೆ ಸೈರನ್ ಆದಮೇಲೆ ನೀರು ಇಲ್ಲಿಗೆ ಬರಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕೆಂದು ಎಲ್ಲರಿಗೂ ಗೊತ್ತು. ಅಷ್ಟರೊಳಗೆ ಮೋಟರು ಬಿಚ್ಚಿ ತಂದರಾಯಿತೆಂದು, ಮನೆಯಲ್ಲಿ ಮಲಗಿದ್ದವರೂ ಎದ್ದು ಹೊಳೆಗೆ ಇಳಿಯುತ್ತಾರೆ. ಓಡಿಹೋಗಿ ಎಂದು ಹಾಕಿದ ಸೈರನ್ನು ಜನರನ್ನು ಒಳಕ್ಕೆ ಕರೆಯುತ್ತದೆ! “ಜೀವ ಓದ್ರೆ ಓಯ್ತದೆ, ಮೋಟ್ರು ಓದ್ರೆ ತಿರ್ಗ ಬತ್ತದಾ ಅಂತಾರೆ” ಎಂದು ಸಿದ್ದಲಿಂಗಮ್ಮ ಹಣೆ ಚಚ್ಚಿಕೊಳ್ಳುತ್ತಾರೆ. ಅದಕ್ಕೆಂದೇ ಸೈರನ್ನಿಗೆ ಮೊದಲು ಹೊರಟು, ಮೋಟರಿನವರನ್ನೇ ಮೊದಲು ಎಬ್ಬಿಸುವುದು ಅವರ ಕ್ರಮ. ಕೊನೆಗೆ ಕೆಳಗಿನ ಊರು ಬಿದಿರುಕಟ್ಟೆ. ಅಲ್ಲಿಗೆ ಮುಂಚೆ ಹೊಳೆಗೆ ಅಡ್ಡಲಾಗಿ ಹಳೇ ಕಾಲದ ಕಲ್ಲಿನ ಒಡ್ಡೊಂದಿದೆ. ಅದು ತುಂಬಿ ಮೇಲೆ ಹರಿಯುವವರೆಗೆ ಒಡ್ಡಿನ ಕೆಳಗಿನವರಿಗೆ ಸ್ವಲ್ಪ ಹೊತ್ತು ಸಿಗುತ್ತದೆ.

ನಡೆಯುತ್ತ ನಡೆಯುತ್ತ ಅವರ ದನಿ ಕುಗ್ಗುತ್ತಿರುವುದು ನನಗೆ ಗೊತ್ತಾಗುತ್ತದೆ. ಪ್ರತಿ ಮೂರನೇ ಕೂಗು ಮೊದಲಿನದಕ್ಕಿಂತ ಒರಟು. ಗಂಟಲಲ್ಲಿ ಗಂಟಾಗಿದೆಯಂತೆ. ಮೈಸೂರಿನ ವೈದ್ಯರು ಕೂಗಲೇಬಾರದು ಎಂದಿದ್ದಾರೆ.

“ಕೂಗ್ಬ್ಯಾಡ ಅಂದ್ರೆ ಎಂಗ್ ಡಾಕ್ಟ್ರೇ ಅಂದೆ. ಬೇರೆ ಕೆಲ್ಸ ನೋಡ್ಕಳಮ್ಮ ಅಂದ್ರು. ನಾ ನೋಡ್ಕತೀನಿ, ಒಳೆ ಬೇರೆ ಕೆಲ್ಸ ನೋಡ್ಕತದಾ?”

ನಗುತ್ತಾರೆ. ನಗು ಕೆಮ್ಮಾಗುತ್ತದೆ. ಮತ್ತೊಂದು ಚೂರು ಶುಂಠಿ. ಕೆಮ್ಮು ನಿಂತ ಮೇಲೆ, ನಾನು ಕೇಳದೆಯೇ, ಚೆಲುವಮ್ಮನ ವಿಷಯ ತೆಗೆಯುತ್ತಾರೆ.

ಚೆಲುವಮ್ಮ ಬಿದಿರುಕಟ್ಟೆಯವಳು. ಸಿದ್ದಲಿಂಗಮ್ಮನ ಜೊತೆ ನಾಟಿಗೆ, ಕಳೆಗೆ ಹೋಗುತ್ತಿದ್ದ ಗೆಳತಿ. ಕೆಲವು ವರ್ಷದ ಹಿಂದೆ ಇದೇ ಗಂಟಲಿಗೆ ತೋರಿಸಲು ಸಿದ್ದಲಿಂಗಮ್ಮ ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ಗೇಟು ಎತ್ತಬೇಕಾಯಿತು. ಅವರ ಬದಲಿಗೆ ಮೈಕು ಕಟ್ಟಿದ ಆಟೋ ಬಂತು. ‘ಸಾರ್ವಜನಿಕರಲ್ಲಿ ವಿನಂತಿ, ನದಿಪಾತ್ರದಲ್ಲಿರುವವರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು’ ಎಂದು ಹೇಳಿಕೊಂಡು ರಸ್ತೆಯ ಮೇಲೆ ಹಾಗೇ ಹೋಯಿತು. ಚೆಲುವಮ್ಮ ಬಂಡೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು.

“ಜತೇಲಿದ್ದೋರು ಎದ್ದೋಳು ಅಂದ್ರೆ, ‘ಸಿದ್ದಲಿಂಗಿ ಇನ್ನೂ ನನ್ನ ಕರೀನಿಲ್ಲ ಕಣ್ರೇ, ಅವ್ಳ್ ಕರೀದೆ ನೀರು ಬರಕಿಲ್ಲ, ವಸಿ ತಡೀರಿ’ ಅಂದ್ಲಂತೆ. ಸಾರ್ವಜನಿಕ್ರು ಅಂದ್ರೆ ತಾನೇಯ ಅಂತ ಅವ್ಳ್ಗೆಂಗಪ್ಪ ಗೊತ್ತಾಯ್ತದೆ?”

ಇದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ. ಆವತ್ತು ನೀರು ಚೆಲುವಮ್ಮನನ್ನು ಒಯ್ದಿತ್ತು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಳ್ಳುತ್ತದೆ.

ಡ್ಯಾಮಿನ ಮೇಲಿಂದ ಎಂಜಿನಿಯರ್ ಪ್ರಮೀಳಾ. ಸಾಲಿಗ್ರಾಮದ ಕಡೆಯ ಹೆಣ್ಣುಮಗಳು, ಹೋದ ವರ್ಷವಷ್ಟೇ ಇಲ್ಲಿಗೆ ಬಂದವರು. ಹಿಂದಿನ ದಿನ ನನ್ನೊಡನೆ ಮಾತಾಡುತ್ತ, “ಗೇಟು ಎತ್ತಿದ್ರೆ ಕೆಳಗಿನವರ ಚಿಂತೆ, ಎತ್ತದಿದ್ರೆ ಕಟ್ಟೆ ಚಿಂತೆ. ಮಳೆಗಾಲ ಮುಗಿಯೋವರೆಗೆ ನನಗೆ ಊಟ ಸೇರಲ್ಲ ಸರ್” ಎಂದಿದ್ದರು. ಈಗ ಆಕೆಯ ದನಿ ಸ್ಪೀಕರಿನಲ್ಲಿ ನಡುಗುತ್ತಿದೆ.

“ಸಿದ್ದಲಿಂಗಮ್ಮಾ, ಎಂಟರವರೆಗೆ ಕಾಯೋಕಾಗಲ್ಲ. ವಯನಾಡಲ್ಲಿ ರಾತ್ರಿಯೆಲ್ಲ ಮಳೆ ಹೊಡೆದಿದೆ, ನೀರು ಏರ್ತಾನೇ ಇದೆ. ಸೈರನ್ ಹಾಕ್ಸಿ ಒಂದು ಗೇಟು ಎತ್ತಿಸಿಬಿಟ್ಟಿದೀನಿ. ಆಗ್ಲಿಂದ ನಿಮ್ಮ ಫೋನಿಗೆ ಟ್ರೈ ಮಾಡ್ತಿದೀನಿ, ಸಿಗ್ತಾನೇ ಇಲ್ಲ. ಎಲ್ಲರೂ ಮೇಲೆ ಬಂದ್ರಾ?”

ಸೈರನ್ ನಮಗೆ ಕೇಳಿಯೇ ಇಲ್ಲ. ಗಾಳಿ ಆ ಕಡೆಗಿತ್ತು.

ಸಿದ್ದಲಿಂಗಮ್ಮ ಫೋನನ್ನು ನನ್ನ ಕೈಗೆ ತುರುಕಿ ಓಡತೊಡಗುತ್ತಾರೆ. ಈ ವಯಸ್ಸಿನಲ್ಲಿ, ಈ ಕೆಸರಲ್ಲಿ, ಅಂಥ ಓಟ! ಗಡ್ಡೆಯ ಎದುರಿಗೆ ಬಂದು ನಿಲ್ಲುತ್ತಾರೆ. ಗುಡಿಸಲ ಸಂದಿಯಲ್ಲಿ ಸಣ್ಣಗೆ ಬ್ಯಾಟರಿ ಬೆಳಕು ಕಾಣುತ್ತಿದೆ. ಅಣ್ಣಯ್ಯ ಎದ್ದಿದ್ದಾರೆ. ಅವರ ಫೋನು ಯಾವಾಗಲೂ ಮನೆಯಲ್ಲಿ ಚಾರ್ಜಿಗೆ.

“ಅಣ್ಣಯ್ಯ ಮಾವೋ...”

ಉತ್ತರವಿಲ್ಲ. ಸರಿ, ಇದು ಒಂದು.

“ಅಣ್ಣಯ್ಯ ಮಾವೋ...”

ಎರಡು. ಸಿದ್ದಲಿಂಗಮ್ಮ ಎದೆ ತುಂಬ ಉಸಿರು ಎಳೆದುಕೊಳ್ಳುತ್ತಾರೆ. ಬಾಯಿ ತೆರೆಯುತ್ತಾರೆ. ದನಿ ಬರುವುದಿಲ್ಲ. ಬರೀ ಗಾಳಿ. ಗಂಟಲು ಹಿಡಿದುಕೊಂಡು ಮತ್ತೆ ಯತ್ನಿಸುತ್ತಾರೆ, ಕತ್ತಿನ ನರ ಉಬ್ಬುತ್ತವೆ, ಆದರೂ ಇಲ್ಲ. ಕಣ್ಣಲ್ಲಿ ನೀರು ಬಂದುಬಿಡುತ್ತದೆ.

ನಾನು ಸುಮ್ಮನಿರಬೇಕಿತ್ತು. ಗಾಬರಿಯಲ್ಲಿ ಬುದ್ಧಿ ಎಲ್ಲಿರುತ್ತದೆ? “ಅಣ್ಣಯ್ಯನವರೇ! ನೀರು ಬರ್ತಾ ಇದೆ! ಬೇಗ ಹೊರಗೆ ಬನ್ನಿ!” ಎಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಅರಚುತ್ತೇನೆ. ಗುಡಿಸಲಿನ ಬ್ಯಾಟರಿ ಫಕ್ಕನೆ ಆರಿಹೋಗುತ್ತದೆ.

ಸಿದ್ದಲಿಂಗಮ್ಮ ಹಣೆಗೆ ಹೊಡೆದುಕೊಳ್ಳುತ್ತಾರೆ. ಗೊತ್ತಿಲ್ಲದ ಗಂಡಸಿನ ದನಿ, ನಸುಕಿನಲ್ಲಿ, ಎರಡು ಕೂಗಾಗಿ ಮೂರನೆಯದು ಬಾರದ ಹೊತ್ತಿನಲ್ಲಿ. ದೆವ್ವವಲ್ಲದಿದ್ದರೆ ವೈರು ಕಳ್ಳ. ಇನ್ನು ಆ ಮನುಷ್ಯ ಹೊರಗೆ ಬರುವುದುಂಟೇ?

ನಾನು ಇನ್ನೇನಾದರೂ ಹೇಳುವ ಮೊದಲೇ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅವರು ಹೊಳೆಗೆ ಇಳಿದಿರುತ್ತಾರೆ. ಹಿಂದೆ ಹೊರಟ ನನ್ನನ್ನು ಕೈ ಬೀಸಿ ತಡೆಯುತ್ತಾರೆ, ಫೋನಿನ ಕಡೆ ಬೆರಳು ತೋರಿಸುತ್ತಾರೆ. ನಾನು ದಡದಲ್ಲೇ ನಿಂತುಬಿಡುತ್ತೇನೆ. ಅದನ್ನು ಬರೆಯಲು ನಾಚಿಕೆಯೇನೂ ಇಲ್ಲ.

“ಮೇಡಂ, ಇಬ್ಬರು ಹೊಳೆಯೊಳಗಿದ್ದಾರೆ. ಗೇಟು ಇಳಿಸಿ ಮೇಡಂ, ದಮ್ಮಯ್ಯ ಅಂತೀನಿ.”

“ಇಬ್ಬರಾ? ಇಳಿಸ್ತೀನಿ ಸರ್. ಆದ್ರೆ ಹೊರಟ ನೀರು ಹೊರಟಾಯ್ತು, ಅದನ್ನ ನಾನು ಹಿಡಿಯೋಕಾಗಲ್ಲ. ಮಿಕ್ಕ ಗೇಟೂ ಆದಷ್ಟು ತಡೀತೀನಿ. ಇಲ್ಲಿ ಅಂಚಿಗೆ ಬಂದಿದೆ, ಜಾಸ್ತಿ ತಡೆದ್ರೆ ಎಲ್ಲರಿಗೂ ಅಪಾಯ. ಬೇಗ ಕರ್ಕೊಂಡು ಬನ್ನಿ ಸರ್, ಬೇಗ.”

ಆಕೆ ಫೋನು ಇಡುವುದಿಲ್ಲ. ನಾನೂ ಇಡುವುದಿಲ್ಲ. ಇಬ್ಬರ ಉಸಿರೂ ಇಬ್ಬರಿಗೂ ಕೇಳುತ್ತದೆ.

ಆಚೆ ಗಡ್ಡೆಯಲ್ಲಿ ಸಿದ್ದಲಿಂಗಮ್ಮ ಗುಡಿಸಲ ತಡಿಕೆ ಕಿತ್ತೆಸೆಯುತ್ತಾರೆ. ಅಣ್ಣಯ್ಯ ದೊಣ್ಣೆ ಎತ್ತಿಕೊಂಡೇ ಹೊರಬಂದು, ಸೊಸೆಯನ್ನು ಕಂಡು ದೊಣ್ಣೆ ಇಳಿಸುತ್ತಾರೆ. ಅಬ್ಬ, ಸದ್ಯ! ಅಂದುಕೊಂಡರೆ ಆತ ನೇರ ಮೋಟರಿನ ಕಡೆ ಹೋಗಿ ನಟ್ಟು ಬಿಚ್ಚಲು ಕೂತುಬಿಡುತ್ತಾರೆ! ಸಿದ್ದಲಿಂಗಮ್ಮ ರಟ್ಟೆ ಹಿಡಿದು ಎಳೆಯುತ್ತಾರೆ. ಆತ ಕೊಡವಿಕೊಳ್ಳುತ್ತಾರೆ. ಎಂಟು ಗಂಟೆಗೆ ತಾನೇ ಎಂದು ಕೈಯಾಡಿಸುವುದು ನನಗೆ ಕಾಣುತ್ತದೆ. ಬಾಯಿ ಇದ್ದಿದ್ದರೆ ಆಕೆ ಈಗ ಬೈದು ಬೈದು ಎಬ್ಬಿಸುತ್ತಿದ್ದರು.

ಮೇಲುಗಡೆ ತಿರುವಿನಲ್ಲಿ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ. ದೂರದ ಸೇತುವೆ ಮೇಲೆ ಲಾರಿ ಹೋದ ಹಾಗೆ ಒಂದು ಸದ್ದು, ಆದರೆ ಲಾರಿಯ ಸದ್ದು ನಿಲ್ಲುತ್ತದೆ, ಇದು ನಿಲ್ಲುತ್ತಿಲ್ಲ.

ಸಿದ್ದಲಿಂಗಮ್ಮ ಬಗ್ಗುತ್ತಾರೆ. ಹೊಳೆಯಿಂದ ಒಂದು ಬೊಗಸೆ ನೀರೆತ್ತಿ ಅಣ್ಣಯ್ಯನ ಮುಖದ ಹತ್ತಿರ ಹಿಡಿಯುತ್ತಾರೆ. ಆ ಬೊಗಸೆಯಲ್ಲಿ ಏನಿತ್ತೆಂದು ಅಣ್ಣಯ್ಯ ಆಮೇಲೆ ನನಗೆ ಹೇಳಿದರು. ಕೆಂಪು ನೀರು, ನೊರೆ, ಒಂದಿಷ್ಟು ಬಿದಿರಿನ ತರಗು. “ಅದ ನೋಡ್ದೇಟ್ಗೆ ನಮ್ಮಪ್ಪ ಯೋಳ್ತಿದ್ದುದ್ ಗ್ಯಪ್ತಿಗ್ ಬಂತು. ಕೈಕಾಲ್ ತಣ್ಣಗಾಗೋಯ್ತು ಕಣ್ರೀ.”

ಸ್ಪಾನರ್ ಅಲ್ಲೇ ಬಿದ್ದಿತು. ಇಬ್ಬರೂ ಇಳಿದರು. ಹೋಗುವಾಗ ಪಾದದಷ್ಟಿದ್ದ ನೀರು ಈಗ ಮೊಣಕಾಲಿಗೆ ಬಂದಿದೆ. ನಡುಹೊಳೆಗೆ ಬರುವಷ್ಟರಲ್ಲಿ ಸೊಂಟಕ್ಕೆ. ಅಣ್ಣಯ್ಯ ದೊಣ್ಣೆ ಊರುತ್ತಾರೆ, ದೊಣ್ಣೆ ಕೊಚ್ಚಿಕೊಂಡು ಹೋಗುತ್ತದೆ. ಸಿದ್ದಲಿಂಗಮ್ಮ ಆತನ ಟವೆಲನ್ನು ತನ್ನ ಮುಂಗೈಗೆ ಸುತ್ತಿಕೊಂಡು ಅಡ್ಡಕ್ಕೆ ಎಳೆಯುತ್ತಿದ್ದಾರೆ. ನಾನು ಫೋನನ್ನು ಜೇಬಿಗೆ ಹಾಕಿ ದಡದ ಹೊಂಗೆಯ ಬೇರು ಹಿಡಿದು ಆದಷ್ಟು ಒಳಕ್ಕೆ ಇಳಿದು ಕೈ ಚಾಚುತ್ತೇನೆ. ತಣ್ಣನೆಯ, ಒರಟಾದ ಒಂದು ಕೈ ಸಿಕ್ಕುತ್ತದೆ. ಯಾರದೆಂದು ನೋಡಲಿಲ್ಲ. ಎಳೆದೆ. ದಡದ ಮೇಲೆ ಮೂವರೂ ಬಿದ್ದುಕೊಂಡಾಗ ಹೊಳೆಯಲ್ಲಿ ಒಂದು ಬಂಡೆಯೂ ಕಾಣುತ್ತಿರಲಿಲ್ಲ. ನಮ್ಮ ಕಣ್ಣೆದುರೇ ಗುಡಿಸಲು ಒಮ್ಮೆ ಓಲಾಡಿ ಮಗುಚಿಕೊಂಡಿತು. ಮೋಟರು ಯಾವಾಗ ಹೋಯಿತೋ ತಿಳಿಯಲೇ ಇಲ್ಲ.

ಅಣ್ಣಯ್ಯನಿಗೆ ಉಸಿರು ತಿರುಗಿದ್ದೇ ತಡ, ಸಿಟ್ಟು ಬರುತ್ತದೆ.

“ಮೂರ್ನೇ ಸಲ ಕರುದ್ದಿದ್ರೆ ಆಗ್ಲೇ ಬತ್ತಿದ್ನಲ್ಲಮ್ಮಿ! ನಾನೂ ಬತ್ತಿದ್ದೆ, ಮೋಟ್ರೂ ಬತ್ತಿತ್ತು! ಎಲ್ಡ್ ಕೂಗಿಗ್ ನಿಲ್ಲುಸ್ಬುಟ್ಟು ಯಾವ್ದೋ ಪ್ಯಾಟೆ ದೆವ್ವದ್ ಕೈಲಿ ಕೂಗುಸ್ತೀಯಲ್ಲ, ನಿಂಗೇನ್ ಬಂದಿತ್ತು ದೊಡ್‌ರೋಗ?”

ಪೇಟೆ ದೆವ್ವ ಕೆಮ್ಮಿ ತಲೆ ತಗ್ಗಿಸುತ್ತದೆ. ಸಿದ್ದಲಿಂಗಮ್ಮ ಗಂಟಲು ಮುಟ್ಟಿಕೊಂಡು ಬಾಯಿ ತೆರೆದು ತೋರಿಸುತ್ತಾರೆ. ಗಾಳಿ ಮಾತ್ರ ಬರುತ್ತದೆ. ಅಣ್ಣಯ್ಯ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ ಆಕೆಯನ್ನೇ ನೋಡುತ್ತಾರೆ. ಆಕೆ ಕೆಳಗಡೆಗೆ, ಒಡ್ಡಿನ ದಿಕ್ಕಿಗೆ ಕೈ ತೋರಿಸುತ್ತಾರೆ. ಬಿದಿರುಕಟ್ಟೆ ಇನ್ನೂ ಬಾಕಿ ಇದೆ. ಒಡ್ಡು ತುಂಬುವವರೆಗಷ್ಟೇ ಹೊತ್ತು. ನನ್ನ ದನಿಗೆ ಅಲ್ಲೂ ಯಾರೂ ಓಗೊಡುವುದಿಲ್ಲ.

“ಥೂ ನಿಮ್ಮ” ಎಂದು ಅಣ್ಣಯ್ಯ ಏಳುತ್ತಾರೆ. ಟವೆಲು ಹಿಂಡಿ ತಲೆಗೆ ಸುತ್ತಿಕೊಳ್ಳುತ್ತಾರೆ. “ನಡೀರಿ ಮತ್ತೆ, ಏನ್ ನೋಡ್ಕಂಡ್ ನಿಂತಿದ್ದೀರಿ?”

ಗದ್ದೆಯ ಬದುವಿನ ಮೇಲೆ ಅಡ್ಡದಾರಿ. ಮುಂದೆ ಅಣ್ಣಯ್ಯ, ನಡುವೆ ಸಿದ್ದಲಿಂಗಮ್ಮ, ಹಿಂದೆ ನಾನು. ನಾಲೆಯ ನೀರು ಕುಡಿದ ಪೈರು ಎರಡೂ ಕಡೆ ಹಸುರಾಗಿ ನಿಂತಿದೆ, ಆ ಕಡೆ ಹೊಳೆ ಕೆಂಪಾಗಿ ಮೊರೆಯುತ್ತಿದೆ. ಬಿದಿರುಕಟ್ಟೆಯ ದಡಕ್ಕೆ ಬಂದಾಗ ಒಡ್ಡಿನ ಮೇಲೆ ನೀರು ಇನ್ನೂ ಹತ್ತಿರಲಿಲ್ಲ. ಸಿದ್ದಲಿಂಗಮ್ಮ ಅಣ್ಣಯ್ಯನ ಕಿವಿಗೆ ಒಂದೊಂದೇ ಹೆಸರು ಪಿಸುಗುಡುತ್ತಾರೆ. ಸೊಸೆ ಗಂಡಸರ ಹೆಸರು ಕೂಗಬಾರದೆಂದು ಅರಳಿಕಟ್ಟೆಯಲ್ಲಿ ಎಗರಾಡಿದ ಅದೇ ಅಣ್ಣಯ್ಯ ಆಕೆಯ ಬಾಯಿಯಾಗಿ ಕೂಗುತ್ತಾರೆ, ಒಬ್ಬೊಬ್ಬರನ್ನೂ ಮೂರು ಮೂರು ಸಲ, ಜೊತೆಗೆ ತನ್ನದೊಂದಿಷ್ಟು ಬೈಗುಳ ಸೇರಿಸಿ.

“ಸಾಕಮ್ಮೋ... ಸಾಕಮ್ಮೋ... ಸಾಕಮ್ಮೋ...”

“ಓ!”

“ಎದ್ದೋಳವ್ವ ಮ್ಯಾಲಕ್ಕೆ! ನನ್ ಮೋಟ್ರಂತೂ ಓಯ್ತು, ನಿನ್ ಬಟ್ಟೆನಾರ ಉಳುಸ್ಕೋ!”

ಒಬ್ಬರಾದ ಮೇಲೆ ಒಬ್ಬರು ಬುಟ್ಟಿ, ಕೊಡ, ದನದ ಹಗ್ಗ ಹಿಡಿದು ದಡ ಹತ್ತುತ್ತಾರೆ. ಕೊನೆಯವರೂ ಬಂದರೆಂದು ಸಿದ್ದಲಿಂಗಮ್ಮ ನನಗೆ ಸನ್ನೆ ಮಾಡುತ್ತಾರೆ. ನಾನು ಫೋನು ಹಚ್ಚುತ್ತೇನೆ. “ಎಲ್ಲರೂ ಮೇಲಿದ್ದಾರೆ ಮೇಡಂ.” “ಥ್ಯಾಂಕ್ಸ್ ಸರ್” ಎಂದ ದನಿಯಲ್ಲಿ ಅಳು ಇತ್ತು. “ಮಿಕ್ಕ ಗೇಟು ಎತ್ತಿಸ್ತಿದೀನಿ.”

ಇನ್ನು ಟೀ ಕುಡಿಯಬಹುದು ಎಂದುಕೊಂಡು ನಾನು ಊರಿನ ಕಡೆ ತಿರುಗುತ್ತೇನೆ. ಆ ಇಬ್ಬರೂ ಬರುವುದಿಲ್ಲ. ದಡದಂಚಿನಲ್ಲಿ, ಕೆಳಗಿನ ಒಂದು ಚಪ್ಪಟೆ ಬಂಡೆಯ ಎದುರು ನಿಂತಿದ್ದಾರೆ. ಬಂಡೆಯ ಹತ್ತಿರ ಯಾರೂ ಇಲ್ಲ. ಸಿದ್ದಲಿಂಗಮ್ಮ ಈ ಸಲ ಕಿವಿಯಲ್ಲಿ ಏನೂ ಹೇಳಿಕೊಟ್ಟಿಲ್ಲ. ಅಣ್ಣಯ್ಯ ತಾವಾಗಿಯೇ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾರೆ.

“ಚೆಲುವಮ್ಮೋ...”

ಒಡ್ಡಿನ ಮೇಲೆ ನೀರಿನ ಮೊದಲ ಪದರ ಹತ್ತಿ ಇಳಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

“ಚೆಲುವಮ್ಮೋ...”

ಸಿದ್ದಲಿಂಗಮ್ಮ ನನ್ನನ್ನು ಹತ್ತಿರ ಕರೆಯುತ್ತಾರೆ. ಕಿವಿ ಬಾಯಿಗೆ ಕೊಟ್ಟರಷ್ಟೇ ಕೇಳುವಂಥ ದನಿ.

“ಅವ್ಳು ಓ ಅನ್ನಕಿಲ್ಲ, ಗೊತ್ತು ಕಣಪ್ಪ. ಆದ್ರೂ ಅವ್ಳ್ ಎಸ್ರ ಕರೀದೆ ನಾನು ಯಾವತ್ತೂ ಇಲ್ಲಿಂದ ಎದ್ದೋಗಿಲ್ಲ. ನನ್ ಗಂಟ್ಲು ಓದ್ಮೇಲೂವೆ ಯಾರಾರ ಕರುದ್ರೆ ಸಾಕು. ಇನ್ನೇನ್ ಬ್ಯಾಡ ನಂಗೆ.”

ನಾನು ಹೊರಡಲು ಹೆಜ್ಜೆ ತೆಗೆಯುತ್ತೇನೆ. ಅಣ್ಣಯ್ಯ ತಿರುಗಿ ನೋಡಿ ಗದರುತ್ತಾರೆ.

“ತಡೀರಿ ಸಾ, ಎಲ್ಲಿಗ್ ಓಯ್ತೀರಿ? ಇನ್ನೂ ಮೂರ್ನೇದು ಕರ್ದಿಲ್ಲ.”